ಜರಡಿ ಯಾರ ಕೈಯಲ್ಲಿದೆ?

ಬಂದ ಇಮೇಲ್‌ಗಳನ್ನು ಒಂದೊಂದಾಗಿ ಎತ್ತಿ ಫೋಲ್ಡರ್‌ಗಳಿಗೆ ಸೇರಿಸಿ ಒಪ್ಪವಾಗಿ ಇಟ್ಟುಕೊಳ್ಳುವವರ ಶ್ರಮ ದಂಡ ಎಂದು ತೋರಿಸಿಕೊಟ್ಟ ಅಧ್ಯಯನವೊಂದಿದೆ. ಸ್ಟೀವ್ ವಿಟ್ಟಕರ್ ಮತ್ತು ಐಬಿಎಂ ಸಂಶೋಧಕರು ಸೇರಿ 2011ರಲ್ಲಿ ಪ್ರಕಟಿಸಿದ ಪ್ರಬಂಧ ಅದು. ಇಮೇಲ್ ಜೋಡಿಸುತ್ತ ನಾನು ಹೊತ್ತು ಹಾಳುಮಾಡುತ್ತಿದ್ದೇನೆಯೇ ಎಂಬ ಪ್ರಶ್ನೆಯೇ ಅದರ ತಲೆಬರಹ. 345 ಜನ ತಮ್ಮ ಹಳೆಯ ಪತ್ರಗಳನ್ನು ಮರಳಿ ಹುಡುಕಿದ ಸುಮಾರು 85,000 ಸಂದರ್ಭಗಳನ್ನು ಅವರು ದಾಖಲಿಸಿ ನೋಡಿದರು. ಫೋಲ್ಡರ್ ತೆರೆದು ಹುಡುಕಿದರೆ ಸರಾಸರಿ 58 ಸೆಕೆಂಡು ಬೇಕಾಗುತ್ತಿತ್ತು. ಸರ್ಚ್ ಪೆಟ್ಟಿಗೆಯಲ್ಲಿ ಒಂದು ಪದ ಟೈಪ್ ಮಾಡಿದರೆ 17 ಸೆಕೆಂಡು ಸಾಕಾಗುತ್ತಿತ್ತು. ಅಚ್ಚುಕಟ್ಟುಗಾರರಿಗೆ ಬೇಕಾದ ಪತ್ರ ಹೆಚ್ಚು ಸಲ ಸಿಕ್ಕಿತೇ ಎಂದರೆ ಅದೂ ಇಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಗಿಗಾಬೈಟ್ ಜಾಗ ಕೊಟ್ಟು, ಅಳಿಸುವುದೂ ಬೇಡ ಜೋಡಿಸುವುದೂ ಬೇಡ ಹುಡುಕಿದರೆ ಸಾಕು ಎಂಬ ಧಾಟಿಯಲ್ಲಿ ಬಂದಾಗಲೇ ಈ ವಾದ ಅರ್ಧ ಗೆದ್ದಿತ್ತು. ಹಾಗಿದ್ದೂ ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳಲ್ಲಿ ಪತ್ರ ತೋರಿಸುವ ಮಟ್, ಆಲ್ಪೈನ್‌ನಂಥ ಸಾಫ್ಟ್‌ವೇರ್ ಹಿಡಿದು, ಯಾವ ಪತ್ರ ಯಾವ ಫೋಲ್ಡರ್‌ಗೆ ಹೋಗಬೇಕೆಂದು ಸಾಲುಸಾಲಾಗಿ ಬರೆದಿಡುವ ಜನ ಇವತ್ತಿಗೂ ಇದ್ದಾರೆ. ಅವರನ್ನು ಹಳೇ ಸ್ಕೂಟರ್ ಪ್ರೇಮಿಗಳ ಸಾಲಿಗೆ ಸೇರಿಸಿ ನಕ್ಕು ಬಿಡುವುದು ಸುಲಭ. ಆದರೆ ಅವರು ಮಾಡುತ್ತಿರುವ ಕೆಲಸವನ್ನು, ಕಪ್ಪು ಪರದೆ ಬೇಡದಿದ್ದರೂ, ಇಮೇಲ್ ಬಳಸುವ ಎಲ್ಲರೂ ಮಾಡಬೇಕು ಎಂಬುದು ನನ್ನ ವಾದ.

ವಿಟ್ಟಕರ್ ಕೊಟ್ಟ ಅಂಕಿಗಳಲ್ಲಿ ತಪ್ಪಿಲ್ಲ. ಅವರು ಅಳೆದದ್ದು ಮಾತ್ರ ಒಂದೇ ಕೆಲಸವನ್ನು, ಹಳೆಯ ಪತ್ರವನ್ನು ಮತ್ತೆ ಹುಡುಕುವುದನ್ನು. ಫೋಲ್ಡರ್‌ನ ಅಸಲಿ ಉಪಯೋಗ ಬೇರೆಯೇ ಇದೆ. ಬೆಳಿಗ್ಗೆ ಎದ್ದಾಗ 60 ಪತ್ರ ಬಂದು ಕೂತಿವೆ ಎನ್ನೋಣ. ಅದರಲ್ಲಿ 50ನ್ನು ಈಗ ನೋಡದೆ ಇರುವುದಕ್ಕೆ ಫೋಲ್ಡರ್ ಬೇಕು. ಇನ್‌ಬಾಕ್ಸ್ ಎಂಬುದು ಮನೆಯ ಜಗಲಿ ಇದ್ದ ಹಾಗೆ. ಮದುವೆ ಕರೆಯಲು ಬಂದ ನೆಂಟರು, ಬಾಕಿ ಕೇಳಲು ಬಂದವರು, ಪಾತ್ರೆ ಮಾರುವವರು, ದಾರಿ ತಪ್ಪಿ ಬಂದವರು ಎಲ್ಲರೂ ಅಲ್ಲಿ ಒಟ್ಟಿಗೆ ಕೂತಿರುತ್ತಾರೆ, ಕೊನೆಗೆ ಬಂದವರು ಮುಂದೆ. ಇದೇ ವಿಟ್ಟಕರ್ 1996ರಲ್ಲಿ ಕ್ಯಾಂಡೇಸ್ ಸಿಡ್ನರ್ ಜೊತೆ ಬರೆದ ಇನ್ನೊಂದು ಪ್ರಬಂಧ ಈ ಗೊಂದಲವನ್ನೇ ಹೇಳುತ್ತದೆ. ಜನ ಇನ್‌ಬಾಕ್ಸ್ ಅನ್ನು ಪತ್ರ ಓದುವ ಜಾಗವಾಗಿ, ಮಾಡಬೇಕಾದ ಕೆಲಸಗಳ ಪಟ್ಟಿಯಾಗಿ, ದಾಖಲೆ ಕೋಣೆಯಾಗಿ ಒಟ್ಟೊಟ್ಟಿಗೇ ಬಳಸುತ್ತಾರೆ, ಅಲ್ಲೇ ಅದು ಕುಸಿಯುತ್ತದೆ ಎಂದು. ಸರ್ಚ್ ಇಲ್ಲಿ ಕೈಕೊಡುತ್ತದೆ. ಹುಡುಕಬೇಕಾದರೆ ಏನು ಹುಡುಕುತ್ತಿದ್ದೇವೆ ಎಂದು ಗೊತ್ತಿರಬೇಕಲ್ಲ. ಬಂದಿದೆಯೆಂದೇ ತಿಳಿಯದ ಪತ್ರವನ್ನು ಯಾರು ಹುಡುಕಿಯಾರು? ಇನ್ನೊಂದು ಮಾತೂ ಇದೆ. ಪತ್ರಗಳನ್ನು ಕೈಯಾರೆ ಎತ್ತಿಡುವುದಕ್ಕೆ ಹಿಡಿಯುವ ಹೊತ್ತೇ ಆ ಅಧ್ಯಯನದ ಮುಖ್ಯ ದೂರು. ಪತ್ರ ಬಂದ ಗಳಿಗೆಯಲ್ಲೇ ನಿಯಮವೊಂದು ಅದನ್ನು ಬದಿಗೆ ಸರಿಸಿದರೆ ಆ ಹೊತ್ತು ಸೊನ್ನೆ. ಹಾಗಾಗಿ 2011ರ ಪ್ರಬಂಧವನ್ನು ಸರಿಯಾಗಿ ಓದಿದರೆ ಅದು ಕೈಯಲ್ಲಿ ಜೋಡಿಸುವವರ ವಿರುದ್ಧ ಹೇಳಿದ ಸಾಕ್ಷ್ಯ, ನಿಯಮ ಬರೆಯುವವರ ವಿರುದ್ಧವಲ್ಲ.

ಈ ನಿಯಮ ಅಂದರೆ ಏನೆಂದು ಹತ್ತಿರದಿಂದ ನೋಡಬೇಕಾದರೆ ಮಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1995ರಲ್ಲಿ ಮೈಕೆಲ್ ಎಲ್ಕಿನ್ಸ್ ಬರೆದ ತಂತ್ರಾಂಶ ಇದು. ಇಂಗ್ಲಿಷ್ ಪತ್ರಿಕೆಗಳು ನಮ್ಮ ಮಠಗಳಿಗೆ ಬಳಸುವ ಅಕ್ಷರಗಳೇ ಇದರ ಹೆಸರಿಗೂ, ಅರ್ಥ ಮಾತ್ರ ಬೆರಕೆ ತಳಿಯ ನಾಯಿ. ಇದರ ಸಮಸ್ತ ನಡವಳಿಕೆಯೂ ಒಂದು ಸಾದಾ ಪಠ್ಯ ಕಡತದಲ್ಲಿ ಇರುತ್ತದೆ. ಪತ್ರದ ಸಾಲಿನ ಮೇಲೆ ನಿಂತು ಎಸ್ ಕೀ ಒತ್ತಿದರೆ, ಯಾವ ಫೋಲ್ಡರ್‌ಗೆ ಹಾಕಲಿ ಎಂದು ಪರದೆಯ ತಳದಲ್ಲಿ ಕೇಳುತ್ತದೆ, ಜೊತೆಗೆ ಒಂದು ಹೆಸರನ್ನೂ ಸೂಚಿಸುತ್ತದೆ. ನಾವೇನೂ ಹೇಳಿಕೊಡದಿದ್ದರೆ ಆ ಸೂಚನೆ ಕಳಿಸಿದವರ ವಿಳಾಸದಲ್ಲಿ ಅಟ್‌ ಚಿಹ್ನೆಗೆ ಮೊದಲಿರುವ ಹೆಸರು. ಕಡತದಲ್ಲಿ ಸೇವ್-ಹುಕ್ ಎಂದು ಶುರುವಾಗುವ ಒಂದು ಸಾಲು ಬರೆದರೆ ಸೂಚನೆ ಬದಲಾಗುತ್ತದೆ. ‘ಕಳಿಸಿದವರು’ ಎಂಬುದಕ್ಕೆ ಅಲೆಗೆರೆಯ ಪಕ್ಕ ಎಫ್ ಅಕ್ಷರ, ಅದರ ಮುಂದೆ ವಿಳಾಸದ ತುಣುಕು, ಕೊನೆಗೆ ಸಮಚಿಹ್ನೆ ಹಚ್ಚಿ ಫೋಲ್ಡರ್‌ನ ಹೆಸರು. ಇಷ್ಟೇ. ಇನ್ನು ಮುಂದೆ ಕರೆಂಟ್ ಬಿಲ್ಲಿನ ಪತ್ರದ ಮೇಲೆ ಎಸ್ ಒತ್ತಿದರೆ ‘ಬಿಲ್ಲು’ ಎಂಬ ಹೆಸರು ತಾನಾಗಿ ಬಂದು ನಿಲ್ಲುತ್ತದೆ, ಎಂಟರ್ ಒತ್ತಿದರೆ ಆಯಿತು. ಆದರೂ ಪತ್ರ ತಕ್ಷಣ ಕಣ್ಮರೆಯಾಗುವುದಿಲ್ಲ. ಸಾಲಿನ ಪಕ್ಕದಲ್ಲಿ ಡಿ ಎಂಬ ಗುರುತು ಬೀಳುತ್ತದೆ, ಡಾಲರ್ ಕೀ ಒತ್ತಿದ ಮೇಲೋ ಹೊರಬೀಳುವಾಗಲೋ ಹಳೆಯ ಜಾಗದಿಂದ ಹೋಗುತ್ತದೆ. ಕೈತಪ್ಪಿ ಒತ್ತಿದವರಿಗೆ ಅಷ್ಟು ಉಸಿರಾಡುವ ಅವಕಾಶ. ಸೇವ್-ಹುಕ್ ಸಾಲುಗಳು ಹಲವಿದ್ದರೆ ಮೇಲಿನಿಂದ ಕೆಳಗೆ ನೋಡಿ ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ಆದ್ದರಿಂದ ‘ಉಳಿದದ್ದೆಲ್ಲ ಇಲ್ಲಿಗೆ’ ಎಂಬ ಸಾಲು ಕೊನೆಗೇ ಇರಬೇಕು. ಮೇಲೆ ಬರೆದಿಟ್ಟು, ಕೆಳಗಿನ ಯಾವ ಸಾಲೂ ಕೆಲಸ ಮಾಡುತ್ತಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವುದು ಹೊಸಬರು ತಪ್ಪದೆ ಮಾಡುವ ತಪ್ಪು. ಸಾಲು ಬರೆಯಲು ಮನಸ್ಸಿಲ್ಲದವರು ಆಲ್ಪೈನ್‌ನ ಸೆಟಪ್ ಪರದೆಯಲ್ಲಿ ರೂಲ್ಸ್ ಎಂಬ ಭಾಗಕ್ಕೆ ಹೋಗಿ ಮೆನು ಹಿಡಿದೇ ಇಂಥ ಕೆಲಸ ಮುಗಿಸಬಹುದು.

ಕಡತ ಎಂದೆನಲ್ಲ, ಆ ಪದದ ಬಗ್ಗೆ ಒಂದು ಮಾತು. ಹಿಂದೆ ಕಡತ ಎಂದರೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿದ, ಬೀಸಣಿಗೆಯಂತೆ ಮಡಚಿಟ್ಟ ಉದ್ದನೆಯ ಬಟ್ಟೆ; ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಇಂಗ್ಲಿಷಿನ ಫೋಲ್ಡರ್ ಎಂಬ ಪದದೊಳಗೂ ಮಡಿಕೆಯೇ ಇದೆ. ಕಪ್ಪು ಹಲಗೆಯಂಥ ಪರದೆ, ಬಿಳಿ ಅಕ್ಷರ, ಮಡಚಿಟ್ಟ ಲೆಕ್ಕ: ಮಟ್ ತೆರೆದು ಕೂತವರನ್ನು ನೋಡಿದರೆ ಶಾನುಭೋಗರೇನೂ ಬೆರಗಾಗುತ್ತಿರಲಿಲ್ಲವೇನೋ.

ಮಟ್ ಒಂದು ವಿಷಯದಲ್ಲಿ ಹಠಮಾರಿ. ಬರುತ್ತಿದ್ದಂತೆಯೇ ಪತ್ರಗಳನ್ನು ವಿಂಗಡಿಸುವುದು ತನ್ನ ಕೆಲಸವಲ್ಲ ಎಂದು ಅದು ದೂರ ನಿಲ್ಲುತ್ತದೆ; ಒಂದು ಉಪಕರಣಕ್ಕೆ ಒಂದೇ ಕೆಲಸ ಎಂಬ ಯೂನಿಕ್ಸ್ ಸಂಪ್ರದಾಯ ಅದು. 1990ರ ದಶಕದಲ್ಲಿ ಆ ಕೆಲಸವನ್ನು ಪ್ರೊಕ್‌ಮೇಲ್ ಎಂಬ ಬೇರೊಂದು ತಂತ್ರಾಂಶ ಮಾಡುತ್ತಿತ್ತು. ಆಮೇಲೆ, 2001ರ ಜನವರಿಯಲ್ಲಿ, ಸೀವ್ ಎಂಬ ಚಿಕ್ಕ ಭಾಷೆಯೊಂದು ಅಂತರ್ಜಾಲದ ಮಾನಕವಾಗಿ ಬಂತು. 2008ರಲ್ಲಿ ಅದನ್ನು ಪರಿಷ್ಕರಿಸಿದರು. ಸೀವ್ ಎಂದರೆ ಜರಡಿ. ಮೂಲ ಭಾಷೆಯಲ್ಲಿ ಲೂಪ್ ಇಲ್ಲ, ಬೇರೆ ಪ್ರೋಗ್ರಾಮನ್ನು ಕರೆಯುವ ಶಕ್ತಿಯೂ ಇಲ್ಲ. ಅದು ಕೊರತೆಯಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಸಾವಿರಾರು ಜನ ತಮ್ಮ ತಮ್ಮ ನಿಯಮ ಬರೆದು ಸರ್ವರ್‌ನಲ್ಲಿ ಇಟ್ಟರೂ ಯಾರ ನಿಯಮವೂ ಸರ್ವರನ್ನು ಮಲಗಿಸಬಾರದು ಎಂಬ ಮುನ್ನೆಚ್ಚರಿಕೆ. ಡವ್‌ಕಾಟ್ ಎಂಬ ಮೇಲ್ ಸರ್ವರ್‌ನಲ್ಲಿ ಈ ಭಾಷೆಯನ್ನು ನಡೆಸುವ ಭಾಗಕ್ಕೆ ಇಟ್ಟ ಹೆಸರು ಪಿಜನ್‌ಹೋಲ್. ರೈಲ್ವೆ ಟಪಾಲು ಸೇವೆಯ ಬೋಗಿಗಳಲ್ಲಿ ಸಾರ್ಟರುಗಳು ಊರೂರಿನ ಕಾಗದ ಎಸೆಯುತ್ತಿದ್ದ ಗೂಡುಗಳ ಕಪಾಟಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಆ ಸಾರ್ಟರುಗಳು ಲಕೋಟೆ ಒಡೆಯುತ್ತಿರಲಿಲ್ಲ, ಮೇಲಿನ ವಿಳಾಸ ಓದುತ್ತಿದ್ದರು, ಅಷ್ಟೇ. ಇಮೇಲ್‌ನಲ್ಲೂ ವಿಂಗಡಣೆಗೆ ಬೇಕಾದದ್ದು ಬಹುಪಾಲು ಲಕೋಟೆಯ ಮೇಲೆಯೇ, ಅಂದರೆ ಹೆಡರ್‌ನಲ್ಲೇ, ಬರೆದಿರುತ್ತದೆ. ಚಂದಾ ನಿಲ್ಲಿಸುವ ದಾರಿಯನ್ನು ಹೇಳುವ ಲಿಸ್ಟ್-ಅನ್‌ಸಬ್‌ಸ್ಕ್ರೈಬ್ ಎಂಬ ಹೆಡರ್ 1998ರಿಂದಲೇ ಮಾನಕದಲ್ಲಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರ ಪ್ರಚಾರದ ಪತ್ರಗಳಲ್ಲಿ ಒಂದೇ ಕ್ಲಿಕ್ಕಿಗೆ ಚಂದಾ ಕಡಿಯುವ ಸೌಲಭ್ಯ ಇರಲೇಬೇಕೆಂದು ಜಿಮೇಲ್ 2024ರಲ್ಲಿ ಕಟ್ಟು ಹಾಕಿತು, ಯಾಹೂ ಕೂಡ ಅದೇ ದಾರಿ ಹಿಡಿಯಿತು. ಎಂದರೆ, ಸಂತೆಯಲ್ಲಿ ಕೂಗುವವರು ತಾವು ಕೂಗುವವರೆಂದು ತಾವೇ ಚೀಟಿ ಅಂಟಿಸಿಕೊಂಡು ಬರುತ್ತಿದ್ದಾರೆ. ಈ ಹೆಡರ್ ಇದ್ದರೆ ‘ಸಂತೆ’ ಎಂಬ ಫೋಲ್ಡರ್‌ಗೆ ಹಾಕು ಎಂಬ ಒಂದೇ ನಿಯಮ ಇನ್‌ಬಾಕ್ಸಿನ ಗದ್ದಲದ ದೊಡ್ಡ ಪಾಲನ್ನು ಅಡಗಿಸುತ್ತದೆ. ಕೆಲವು ಬ್ಯಾಂಕು, ಟಿಕೆಟ್ ಪತ್ರಗಳಲ್ಲೂ ಇದೇ ಹೆಡರ್ ಇರುವುದುಂಟು. ಅವುಗಳ ವಿಳಾಸ ಹೆಸರಿಸಿ, ಇವು ಇನ್‌ಬಾಕ್ಸಿನಲ್ಲೇ ಇರಲಿ ಎನ್ನುವ ಸಾಲನ್ನು ಅದಕ್ಕೂ ಮೇಲೆ ಬರೆಯಬೇಕು.

ಫೋಲ್ಡರ್‌ಗೆ ಸಂತೆ ಎಂದು ಕನ್ನಡದಲ್ಲೇ ಹೆಸರಿಡಬಹುದೇ? ಇಡಬಹುದು, ಆದರೆ ಒಳಗೊಂದು ಸಂಗತಿ ತಿಳಿದಿರಬೇಕು. ಇಮೇಲ್‌ನ ಹೆಡರ್‌ಗಳು ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಿಗೆ. ಮಿಕ್ಕ ಲಿಪಿಗಳನ್ನು ಅದರೊಳಗೆ ತುರುಕಲು 1996ರ ಒಂದು ಮಾನಕ ದಾರಿ ಮಾಡಿಕೊಟ್ಟಿತು: ಕನ್ನಡದ ವಿಷಯದ ಸಾಲು ದಾರಿಯುದ್ದಕ್ಕೂ ಇಂಗ್ಲಿಷ್ ಅಕ್ಷರ, ಅಂಕಿಗಳ ವೇಷದಲ್ಲೇ ಸಾಗುತ್ತದೆ. ಯೂನಿಕೋಡ್‌ನಲ್ಲಿ ‘ಬಿಲ್’ ಎಂಬ ಪದಕ್ಕೆ ನಾಲ್ಕು ಘಟಕ, ಒಂದೊಂದಕ್ಕೆ ಮೂರು ಬೈಟು. ವೇಷ ತೊಟ್ಟಾಗ ಅದು 16 ಅಕ್ಷರಗಳ ಸರವಾಗುತ್ತದೆ, ಅದರಲ್ಲಿ ನಾಲ್ಕು-ಎಲ್-ಕೆ ಎಂಬ ತುಣುಕು ಮೂರು ಸಲ ಬರುತ್ತದೆ. ಪ್ರೊಕ್‌ಮೇಲ್ ನೋಡುವುದು ಈ ವೇಷವನ್ನು. ವಿಷಯದಲ್ಲಿ ‘ಬಿಲ್’ ಎಂದಿದ್ದರೆ ಎಂಬ ಕನ್ನಡ ನಿಯಮವನ್ನು ಅದಕ್ಕೆ ಬರೆದುಕೊಟ್ಟರೆ ವರ್ಷಗಟ್ಟಲೆ ಕಾದರೂ ಹೊಂದುವುದಿಲ್ಲ, ಎಲ್ಲಿ ತಪ್ಪಿದೆ ಎಂದೂ ಹೇಳುವುದಿಲ್ಲ. ಸೀವ್ ಹಾಗಲ್ಲ, ಹೋಲಿಸುವ ಮೊದಲು ವೇಷ ಕಳಚಿ ನೋಡಬೇಕೆಂದು ಅದರ ಮಾನಕವೇ ಹೇಳುತ್ತದೆ. ಮಟ್ ಕೂಡ ಕಳಚಿಯೇ ನೋಡುತ್ತದೆ. ಫೋಲ್ಡರ್ ಹೆಸರುಗಳಿಗೂ ಐಮ್ಯಾಪ್ ಎಂಬ ವ್ಯವಸ್ಥೆಯಲ್ಲಿ ಇಂಥದೇ ಇನ್ನೊಂದು ವೇಷವಿದೆ. ‘ಸಂತೆ’ ಸರ್ವರ್‌ನ ಡಿಸ್ಕಿನ ಮೇಲೆ ಆಂಪರ್ಸೆಂಡ್‌ನಿಂದ ಶುರುವಾಗುವ ಅರ್ಥವಿಲ್ಲದ ಅಕ್ಷರಗಳ ಗೊಂಚಲಾಗಿ ಕಂಡರೆ ಗಾಬರಿ ಬೇಡ. ಕನ್ನಡದಲ್ಲಿ ಪತ್ರವ್ಯವಹಾರ ಮಾಡುವವರು ಸಾಧ್ಯವಾದಷ್ಟೂ ವಿಳಾಸವನ್ನು ನೋಡುವ ನಿಯಮ ಬರೆಯುವುದು ಕ್ಷೇಮ.

ಇಷ್ಟೆಲ್ಲ ತಲೆಬಿಸಿ ಯಾಕೆ, ಯಂತ್ರವೇ ಕಲಿತುಕೊಂಡು ವಿಂಗಡಿಸುತ್ತದಲ್ಲ ಎಂಬುದು ಈಗಿನ ಕಾಲದ ಗಟ್ಟಿ ಆಕ್ಷೇಪ. ಸ್ಪ್ಯಾಮ್ ವಿಷಯದಲ್ಲಿ ಆ ಮಾತು ಪೂರ್ತಿ ನಿಜ. 2002ರಲ್ಲಿ ಪಾಲ್ ಗ್ರಹಾಮ್ ಸಂಭವನೀಯತೆಯ ಲೆಕ್ಕದಿಂದ ಸ್ಪ್ಯಾಮ್ ಹಿಡಿಯುವ ಬಗೆಯನ್ನು ವಿವರಿಸಿ ಬರೆದ ಮೇಲೆ, ಕೈಯಲ್ಲಿ ಬರೆದ ನಿಯಮಗಳಿಂದಲೇ ಸ್ಪ್ಯಾಮ್ ತಡೆಯುತ್ತೇವೆ ಎಂದು ಹೊರಡುವುದರಲ್ಲಿ ಅರ್ಥ ಉಳಿಯಲಿಲ್ಲ. ಸ್ಪ್ಯಾಮ್ ಕಳಿಸುವವರು ಅಪರಿಚಿತರು, ವೇಷ ಬದಲಿಸುವವರು, ನಿಯಮ ಕಂಡೊಡನೆ ಬಳಸುದಾರಿ ಹಿಡಿಯುವವರು. ಅವರನ್ನು ಹಿಡಿಯಲು ಊಹೆ ಬೇಕು. ಪರಿಚಿತರ ವಿಷಯ ಹಾಗಲ್ಲ. ಮಗುವಿನ ಶಾಲೆ, ಬಿಲ್ಲು ಕಳಿಸುವ ಕಂಪನಿ, ಅಪಾರ್ಟ್‌ಮೆಂಟ್ ಸಂಘ, ವಾರಪತ್ರಗಳು ಪ್ರತಿ ಸಲವೂ ಅದೇ ವಿಳಾಸದಿಂದ ಅದೇ ಚೀಟಿ ಹೊತ್ತು ಬರುತ್ತವೆ. ಕಣ್ಣೆದುರು ಬರೆದಿರುವುದನ್ನು ಊಹಿಸುವುದೇಕೆ? ಜೊತೆಗೆ, ಊಹಿಸುವ ಯಂತ್ರಕ್ಕೆ ಯಜಮಾನರಿದ್ದಾರೆ. 2013ರಲ್ಲಿ ಜಿಮೇಲ್ ತಾನಾಗಿಯೇ ಪತ್ರಗಳನ್ನು ಪ್ರಮೋಷನ್ಸ್, ಸೋಷಿಯಲ್ ಮುಂತಾದ ಟ್ಯಾಬ್‌ಗಳಿಗೆ ಹಂಚತೊಡಗಿತು. ಆ ಟ್ಯಾಬ್‌ಗಳ ನೆತ್ತಿಯ ಮೇಲೆ ಪತ್ರದ ಹಾಗೇ ಕಾಣುವ ಜಾಹೀರಾತುಗಳಿರುತ್ತವೆ. ಗೂಗಲ್ ಮೋಸ ಮಾಡುತ್ತಿದೆ ಎನ್ನುತ್ತಿಲ್ಲ; ಪತ್ರದ ಒಳವಿಷಯ ಆಧರಿಸಿ ಜಾಹೀರಾತು ತೋರಿಸುವುದನ್ನು ಬಿಡುವುದಾಗಿ 2017ರಲ್ಲಿ ಅದೇ ಘೋಷಿಸಿತ್ತು. ಆದರೆ ವಿಂಗಡಿಸುವವರು ವಿಂಗಡಣೆಯ ಜಾಗವನ್ನೇ ಬಾಡಿಗೆಗೆ ಕೊಡುವವರೂ ಆಗಿದ್ದಾಗ, ಯಾವ ಪತ್ರ ಎಲ್ಲಿ ಬೀಳಬೇಕೆಂಬ ತೀರ್ಮಾನ ಪೂರ್ತಿ ನನ್ನ ಅನುಕೂಲಕ್ಕಾಗಿಯೇ ಆಗುತ್ತಿದೆ ಎಂದು ನಂಬಲು ನನಗೆ ಆಧಾರ ಬೇಕು. ಈ ಪತ್ರ ಈ ಟ್ಯಾಬ್‌ಗೆ ಯಾಕೆ ಬಂತು ಎಂದರೆ ಯಂತ್ರದಲ್ಲಿ ತೋರಿಸಬಲ್ಲ ಸಾಲಿಲ್ಲ. ನನ್ನ ಕಡತದಲ್ಲಿ ಏಳನೇ ಸಾಲು ತಪ್ಪಿದ್ದರೆ ಬೆರಳಿಟ್ಟು ತೋರಿಸಬಹುದು, ತಿದ್ದಬಹುದು.

ನಿಯಮ ತಪ್ಪಿದರೆ ಬೇಕಾದ ಪತ್ರ ಮೂಲೆಯ ಫೋಲ್ಡರ್ ಸೇರಿ ಮರೆತೇಹೋಗುತ್ತದೆ ಎಂಬುದು ಇದಕ್ಕಿಂತ ಹರಿತವಾದ ಆಕ್ಷೇಪ, ಏಕೆಂದರೆ ಹಾಗೆ ಆಗುವುದುಂಟು. ನಲವತ್ತು ಫೋಲ್ಡರ್ ಮಾಡಿಕೊಂಡವರಿಗೆ ಇದು ಶಿಕ್ಷೆಯಾಗಿಯೇ ಬರುತ್ತದೆ. ಫೋಲ್ಡರ್‌ಗಳು ನಾಲ್ಕೈದಕ್ಕಿಂತ ಹೆಚ್ಚಿರಬಾರದು, ಕಾಯಬಲ್ಲ ಪತ್ರಗಳನ್ನು ಮಾತ್ರ ನಿಯಮಗಳು ಮುಟ್ಟಬೇಕು. ತುರ್ತಿನದು ಯಾವುದು ಎಂದು ನಿಯಮ ಬರೆಯಲು ಹೋದವರು ಕೆಡುತ್ತಾರೆ. ತುರ್ತು ಹೇಳಿ ಬರುವುದಿಲ್ಲ. ಕಾಯಬಲ್ಲದ್ದು ಯಾವುದು ಎಂಬುದು ಮಾತ್ರ ಮೊದಲೇ ಗೊತ್ತಿರುತ್ತದೆ. ಅದನ್ನು ಸರಿಸಿ, ಮಿಕ್ಕದ್ದೆಲ್ಲ, ಅಪರಿಚಿತರದ್ದೂ ಸೇರಿ, ಜಗಲಿಯ ಮೇಲೇ ಇರಲಿ. ಯಾವ ಫೋಲ್ಡರ್‌ನಲ್ಲಿ ಹೊಸದು ಬಂದಿದೆ ಎಂದು ಗಮನವಿಡಲು ಮಟ್‌ನಲ್ಲಿ ಮೇಲ್‌ಬಾಕ್ಸಸ್ ಎಂಬ ಒಂದು ಸಾಲು ಸಾಕು. ಇದಕ್ಕಿಂತ ಕಡಿಮೆ ಚರ್ಚೆಯಾಗುವ ಅಪಾಯವೊಂದಿದೆ. ‘ಬ್ಯಾಂಕು’ ಎಂಬ ಫೋಲ್ಡರ್‌ಗೆ ಬಂದು ಬಿದ್ದ ಪತ್ರವನ್ನು ನಾವು ಅರ್ಧ ನಂಬಿಬಿಟ್ಟಿರುತ್ತೇವೆ. ಕಳಿಸಿದವರ ಹೆಸರಿನಲ್ಲಿ ಬ್ಯಾಂಕು ಎಂದಿದ್ದರೆ ಅಲ್ಲಿಗೆ ಹಾಕು ಎಂದು ಬರೆದಿದ್ದರೆ, ಆ ಹೆಸರನ್ನು ಯಾವ ವಂಚಕನೂ ಹಾಕಿಕೊಳ್ಳಬಹುದು. ಹೆಸರು ಬಿಟ್ಟು ಪೂರ್ತಿ ವಿಳಾಸವನ್ನು ಹಿಡಿಯಬೇಕು. ವಿಳಾಸವನ್ನೂ ನಕಲು ಮಾಡಬಹುದಾದ್ದರಿಂದ, ಸರ್ವರ್ ಅದನ್ನು ಪರಿಶೀಲಿಸಿ ಬರೆದಿಟ್ಟ ದೃಢೀಕರಣದ ಹೆಡರ್ ಅನ್ನೂ ನೋಡಬೇಕು. ಇಷ್ಟು ಮಾಡಲಾಗದಿದ್ದರೆ ಹಣದ ಪತ್ರಗಳಿಗೆ ನಿಯಮವೇ ಬೇಡ.

ಕೊನೆಗೆ ಉಳಿಯುವುದು, ಇದೆಲ್ಲ ಕಂಪ್ಯೂಟರ್ ಕಲಿತವರ ಆಟ, ಮೊಬೈಲ್‌ನಲ್ಲಿ ಮೇಲ್ ನೋಡುವವರಿಗೇನು ಎಂಬ ಮಾತು. ಮಟ್ ಎಲ್ಲರಿಗೂ ಹೇಳಿದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಚಿತ್ರ ತುಂಬಿದ ಪತ್ರ ಅದರಲ್ಲಿ ಬಡಕಲಾಗಿ ಕಾಣುತ್ತದೆ. 2022ರಲ್ಲಿ ಗೂಗಲ್ ಬರೀ ಪಾಸ್‌ವರ್ಡ್ ಕೊಟ್ಟು ಒಳಬರುವ ದಾರಿ ಮುಚ್ಚಿದ ಮೇಲೆ ಜಿಮೇಲ್ ಖಾತೆಗೆ ಅದನ್ನು ಜೋಡಿಸುವುದೂ ಒಂದು ಸಾಹಸ. ಆದರೆ ಸೀವ್ ನಿಯಮ ಇರುವುದು ಸರ್ವರ್‌ನಲ್ಲಿ. ಅಲ್ಲಿ ಸಂತೆಗೆ ಸರಿದ ಪತ್ರ ಮೊಬೈಲ್‌ನಲ್ಲೂ ಸಂತೆಯಲ್ಲೇ ಕಾಣುತ್ತದೆ. ನಿಯಮವನ್ನು ಒಮ್ಮೆ ಬರೆದರೆ ಸಾಕು, ಓದುವುದು ಯಾವುದರಲ್ಲಾದರೂ ಸರಿ. ಪ್ರೋಟಾನ್ ಮೇಲ್, ಫಾಸ್ಟ್‌ಮೇಲ್‌ನಂಥ ಸೇವೆಗಳು ಬಳಕೆದಾರರಿಗೆ ಸೀವ್ ಬರೆಯಲು ಬಿಡುತ್ತವೆ. ಜಿಮೇಲ್ ಬಿಡುವುದಿಲ್ಲ, ಅಲ್ಲಿರುವುದು ಅದರದೇ ಫಿಲ್ಟರ್. ಫಾರಂ ತುಂಬಿಸಿದ ಹಾಗೆ ಒಂದೊಂದಾಗಿ ಮಾಡಬೇಕು. ಅದಾದರೂ ಏನೂ ಇಲ್ಲದ್ದಕ್ಕಿಂತ ನೂರು ಪಾಲು ಮೇಲು, ಇವತ್ತೇ ಎರಡು ಬರೆದುಕೊಳ್ಳಬಹುದು. ತೊಡಕು ಬರುವುದು ಖಾತೆ ಬದಲಿಸುವ ದಿನ. ಜಿಮೇಲ್‌ನ ಫಿಲ್ಟರ್‌ಗಳನ್ನು ಎಕ್ಸ್‌ಎಂಎಲ್ ಕಡತವಾಗಿ ಇಳಿಸಿಕೊಳ್ಳಲು ಅವಕಾಶವಿದೆ, ಆದರೆ ಅದು ಸೀವ್ ಅಲ್ಲ. ಸೀವ್ ಓದುವ ಸರ್ವರ್‌ಗೆ ಅದನ್ನು ಹಾಗೇ ಕೊಟ್ಟರೆ ನಡೆಯುವುದಿಲ್ಲ. ಇದ್ದದ್ದು ಐದು ಫಿಲ್ಟರ್ ಆದರೆ ಮತ್ತೆ ಬರೆಯುವುದು ಅರ್ಧ ಗಂಟೆಯ ಕೆಲಸ. ಹದಿನೈದು ವರ್ಷದಿಂದ ಕೂಡಿಬಂದ ಇನ್ನೂರು ಆದರೆ, ಖಾತೆ ಬದಲಿಸಬೇಕೆಂದಿದ್ದವರೂ ಸುಮ್ಮನೆ ಇದ್ದಲ್ಲೇ ಇದ್ದುಬಿಡುತ್ತಾರೆ.